ಗಾಜಿನ ತೊಟ್ಟಿಗೆ ಬಾಯಿಕಟ್ಟು

ನೀರನ್ನೂ ಬೀಗರನ್ನೂ ಯಾವ ಮಟ್ಟದಲ್ಲಿ ನಿಲ್ಲಿಸಬೇಕೆಂದು ಬಲ್ಲವನೇ ನಿಜವಾದ ಗೃಹಸ್ಥ ಎಂದು ತಿಳಿದವರು ಹೇಳಿದ್ದಾರೆ. ತಿಳಿದವರು ಯಾರೂ ಹೇಳಿಲ್ಲ; ನಾನೇ ಮೊನ್ನೆ ಸ್ನಾನ ಮಾಡುವಾಗ ಕಟ್ಟಿದ ಮಾತು. ಆದರೆ ನಮ್ಮಲ್ಲಿ ಒಂದು ಮಾತಿಗೆ ತೂಕ ಬರಬೇಕಾದರೆ ಅದನ್ನು ಹೇಳಿದವರು ತೀರಿಕೊಂಡಿರಬೇಕು, ನಾನಿನ್ನೂ ಅಷ್ಟು ತ್ಯಾಗಕ್ಕೆ ಸಿದ್ಧನಿಲ್ಲ. ಈ ಎರಡರ ಪೈಕಿ ನೀರಿನ ವಿಚಾರದಲ್ಲಿ ನಾನು ಪಂಡಿತನೆಂದು ಊರು ನಂಬಿತ್ತು, ಊರಿಗಿಂತ ಮೊದಲೇ ನಾನು ನಂಬಿದ್ದೆ. ಬೀಗರ ವಿಚಾರದಲ್ಲಿ ಮಾತ್ರ ಹೊಸಬ. ಕಡೆಗೆ ಆದದ್ದೇನೆಂದರೆ, ನೀರು ಕೈಕೊಟ್ಟಿತು, ಬೀಗರು ಕೈಹಿಡಿದರು.

ನನ್ನ ಉದ್ಯೋಗಪರ್ವವೆಲ್ಲ ನೀರಾವರಿ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರನಾಗಿ, ಹುಲ್ಲಹಳ್ಳಿ ನಾಲೆಯ ಏರಿಯ ಮೇಲೆ ಮೊದಲು ಸೈಕಲ್, ಆಮೇಲೆ ಮೊಪೆಡ್ ಓಡಿಸುವುದರಲ್ಲೇ ಕಳೆಯಿತು. ಒಂದೇ ದಿನ ಮೇಲಿನ ಗದ್ದೆಯವನು "ಸಾ, ನೀರ್ ಜಾಸ್ತಿಯಾಗಿ ಪೈರು ಕೊಳೀತಾ ಅದೆ, ನಿಲ್ಸಿ ಸಾ" ಎಂದೂ, ಕೆಳಗಿನ ಗದ್ದೆಯವನು "ಸಾ, ನೆಲ ಬಿರುಕ್ ಬುಟ್ಟದೆ, ನೀರ್ ಬುಡ್ಸಿ ಸಾ" ಎಂದೂ ಕೈಮುಗಿದರೆ, ಇಬ್ಬರಿಗೂ "ಆಗಲಿ" ಎಂದು ಹೇಳಿ ಮೂರನೆಯ ದಾರಿಯಲ್ಲಿ ಮನೆ ಸೇರುವ ಕಲೆ ನನಗೆ ಸಿದ್ಧಿಸಿತ್ತು. ಆ ಏರಿ ನನಗೆ ಕಲಿಸಿದ ವೇದ ಒಂದೇ: ನೀರು ಒತ್ತುವುದು ಬುಡವನ್ನು. ಆದ್ದರಿಂದ ಏರಿಯ ಬುಡ ಆನೆ ಮಲಗಿದಷ್ಟು ದಪ್ಪ ಇರಬೇಕು. ತಲೆ, ಒಂದು ಎಮ್ಮೆ ನಡೆದುಹೋಗುವಷ್ಟು ಅಗಲವಿದ್ದರೆ ಸಾಕು. ಈ ವೇದ ಮಣ್ಣಿಗೆ ಅನ್ವಯಿಸುತ್ತದೆಯೇ ಹೊರತು ಗಾಜಿಗಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾಲೆಯನ್ನು ಗಾಜಿನಲ್ಲಿ ಕಟ್ಟಿಸುವ ಯೋಜನೆ ಯಾವ ಸರ್ಕಾರದ ಮುಂದೆಯೂ ಇರಲಿಲ್ಲವಾದ್ದರಿಂದ ಹೇಳುವ ಸಂದರ್ಭವೂ ಬಂದಿರಲಿಲ್ಲ.

ನಿವೃತ್ತನಾದ ಗಂಡಸಿಗೆ ಎರಡು ದಾರಿಗಳಿವೆ. ಒಂದು, ಅಡುಗೆಮನೆಯ ಆಡಳಿತದಲ್ಲಿ ಕೈಹಾಕುವುದು; ಇನ್ನೊಂದು, ನೆಮ್ಮದಿಯಾಗಿ ಬದುಕಿರುವುದು. ನಾನು ಎರಡನೆಯದನ್ನು ಆರಿಸಿಕೊಂಡು, ಹೊತ್ತು ಹೋಗಲು ಏನಾದರೂ ಬೇಕಲ್ಲ ಎಂದು ಹುಡುಕುತ್ತಿದ್ದೆ. ಅಂಥ ದಿನಗಳಲ್ಲೇ ಮೈಸೂರಿಗೆ ಹಲ್ಲು ಕೀಳಿಸಿಕೊಳ್ಳಲು ಹೋದಾಗ, ಡಾಕ್ಟರ ಹೊರಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಕಣ್ಣಿಗೆ ಬಿತ್ತು. ಬಣ್ಣದ ಮೀನುಗಳು, ಕೆನ್ನೆ ಹಿಡಿದುಕೊಂಡು ಕುಳಿತಿದ್ದ ನಮ್ಮನ್ನೆಲ್ಲ ಒಂದು ರೀತಿಯ ಕನಿಕರದಿಂದ ನೋಡುತ್ತಾ ಓಡಾಡುತ್ತಿದ್ದವು. ನಾನು ಮೀನು ನೋಡಲಿಲ್ಲ, ಕಾಮಗಾರಿ ನೋಡಿದೆ. 'ಇದೇನು ಮಹಾ! ನಾಲ್ಕು ಗೋಡೆ, ಒಂದು ತಳ' ಎಂದುಕೊಂಡೆ. ನಂಜನಗೂಡಿಗೆ ಮರಳಿದವನೇ ಗಾಜಿನಂಗಡಿಯಲ್ಲಿ ಅಳತೆ ಕೊಟ್ಟು ಗಾಜು ಕತ್ತರಿಸಿಕೊಂಡು, ಸಿಲಿಕಾನ್ ಅಂಟು ಹಿಂಡುವ ಗನ್ನೊಂದನ್ನು ತಂದು, ಮಿಠಾಯಿ ಡಬ್ಬಿಗಿಂತ ಒಂದಿಷ್ಟು ದೊಡ್ಡದಾದ ತೊಟ್ಟಿಯೊಂದನ್ನು ಮಾಡಿಯೇಬಿಟ್ಟೆ. ಅದು ಸೋರಲಿಲ್ಲ. ಸೋರದೇ ಇದ್ದದ್ದೇ ಮುಂದಿನ ಅನರ್ಥಕ್ಕೆಲ್ಲ ಮೂಲ. ಮೊದಲ ಸಲವೇ ಸೋರಿದ್ದರೆ ನಾನು ವಿನಯ ಕಲಿತು ಕೈತೋಟದಲ್ಲಿ ಬದನೆ ಬೆಳೆದುಕೊಂಡಿರುತ್ತಿದ್ದೆ. ನನ್ನ ಹೆಂಡತಿ ಜಯಮ್ಮ ತೊಟ್ಟಿಯನ್ನು ಒಂದು ಸುತ್ತು ಬಂದು ನೋಡಿ, "ಸದ್ಯ, ಹಲ್ಲು ಕೀಳೋ ಮಿಷನ್ನು ನೋಡ್ಕೊಂಡು ಬರ್ಲಿಲ್ವಲ್ಲ" ಎಂದಳು.

ಅಷ್ಟರಲ್ಲಿ ನಮ್ಮ ಮಗಳು ಶೋಭಾಳ ಮದುವೆಯಾಗಿ ಆಕೆ ತಿ. ನರಸೀಪುರದ ಸೊಸೆಯಾಗಿದ್ದಳು. ಕಪಿಲೆಯೂ ನಮ್ಮೂರು ದಾಟಿ ಅಲ್ಲಿಗೇ ಹೋಗಿ ಕಾವೇರಿಯನ್ನು ಸೇರುವುದು. ಸೇರಿದ ಮೇಲೆ ಅವಳ ಹೆಸರನ್ನೂ ಯಾರೂ ಹೇಳುವುದಿಲ್ಲ. ಹೆಣ್ಣು ಕೊಟ್ಟವನಿಗೆ ಇಂಥ ಏನಾದರೊಂದು ಪುರಾಣದ ಸಮಾಧಾನ ಬೇಕಾಗುತ್ತದೆ. ಬೀಗರು ಕೆಂಪರಾಜು ಅವರು ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಮೆಲುಮಾತಿನ ಮನುಷ್ಯ. ನಮ್ಮ ಕಡೆ ಗಂಡಿನ ತಂದೆ ಎಂಬುದೊಂದು ಹುದ್ದೆ. ಮದುವೆಮನೆಯಲ್ಲಿ 'ಪಲ್ಯಕ್ಕೆ ಉಪ್ಪು ಸಾಲದು' ಎಂದು ನಾಲ್ಕು ಜನರ ಎದುರು ಹೇಳುವುದು ಆ ಹುದ್ದೆಯ ಕರ್ತವ್ಯಗಳಲ್ಲೊಂದು. ಇವರು ಎಲೆ ಮಡಚಿ ಎದ್ದವರು ನೇರ ನನ್ನ ಬಳಿ ಬಂದು, "ಬೀಗ್ರೇ, ಸಾರು ಎರಡನೇ ಸಲ ಕೇಳಿ ಹಾಕಿಸ್ಕೊಂಡೆ" ಎಂದು ಕಿವಿಯಲ್ಲಿ ಹೇಳಿದರು. ಜಗಳಕ್ಕೆ ಸಿದ್ಧನಾಗಿ ನಿಂತಿದ್ದ ನನಗೆ ಏನು ಮಾಡಬೇಕೆಂದು ತೋಚದೆ ಅವರ ಕೈಯನ್ನೇ ಬಹಳ ಹೊತ್ತು ಕುಲುಕಿದೆ.

ಮದುವೆಯಾದ ಸ್ವಲ್ಪ ದಿನಕ್ಕೆ ಕೆಂಪರಾಜು ಅವರ ತಾಯಿ ಪುಟ್ಟಮ್ಮನವರು ಬಚ್ಚಲಲ್ಲಿ ಜಾರಿ, ಸೊಂಟ ನೋಯಿಸಿಕೊಂಡು, ನಡುಮನೆಯಲ್ಲಿ ಮಂಚ ಹಿಡಿದರು. ನಾವಿಬ್ಬರೂ ಬಾಳೆಹಣ್ಣು, ಬನ್ನು ಹಿಡಿದುಕೊಂಡು ನೋಡಲು ಹೋದೆವು. ಅಜ್ಜಿ ಎದುರಿನ ಗೋಡೆಯನ್ನೇ ನೋಡುತ್ತಾ ಮಲಗಿದ್ದರು.

"ಟೀವಿ ಹಾಕ್ಲಾ ಅಜ್ಜಿ?" ಎಂದು ಶೋಭಾ ಕೇಳಿದಳು.

"ಬ್ಯಾಡ ಕನ್ ಮೊಗ. ಅದ್ರಲ್ಲಿ ಬರೋ ಎಂಗುಸ್ರೆಲ್ಲಾ ಅವರವರೇ ಬಯ್ಕಂಡು ಕೊನೇಗೆ ನನ್ನೇ ದುರುಗುಟ್ಕಂಡು ನೋಡ್ತರೆ. ನಾನೇನ್ ಮಾಡಿದ್ದನು ಅವ್ರಿಗೆ? ಗ್ವಾಡೆನೇ ವಾಸಿ."

ಮನುಷ್ಯನ ಬಾಯಿ ಎಲ್ಲಿ ತೆರೆಯಬಾರದೋ ಅಲ್ಲೇ ತೆರೆಯುತ್ತದೆ. "ಗೋಡೆ ಯಾಕವ್ವಾ ನೋಡ್ತೀರಿ? ಮೀನು ನೋಡಿ. ನಾನೇ ನನ್ನ ಕೈಯಾರೆ ಗಾಜಿನ ತೊಟ್ಟಿ ಮಾಡಿ ತರ್ತೀನಿ" ಎಂದುಬಿಟ್ಟೆ. ಜಯಮ್ಮ ಹಿಂದಿನಿಂದ ನನ್ನ ಪಂಚೆ ಎಳೆದಳು. ಎಳೆಯುವಷ್ಟರಲ್ಲಿ ಮಾತು ಹೊರಗೆ ಬಿದ್ದು, ಕೆಂಪರಾಜು ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಾಗಿತ್ತು: "ಅಯ್ಯೋ, ನಿಮಗೆ ಶ್ರಮ ಬೀಗ್ರೇ. ಆದ್ರೆ ಅವ್ವನಿಗೆ ಖುಷಿಯಾಗ್ತದೆ ನೋಡಿ."

ಬೀಗರ ಮನೆಗೆ ಎಂದ ಮೇಲೆ ಮಿಠಾಯಿ ಡಬ್ಬಿಯ ಗಾತ್ರ ಸಾಕೆ? ತೊಟ್ಟಿಲಿಗಿಂತ ಉದ್ದದ ತೊಟ್ಟಿಗೆ ನಕ್ಷೆ ಹಾಕಿದೆ. ಏರಿಯ ವೇದವನ್ನು ಅಕ್ಷರಶಃ ಪಾಲಿಸಿ ತಳಕ್ಕೆ ಜೋಡಿ ಗಾಜು ಕೂರಿಸಿದೆ, ಬುಡದ ಸಂದಿಗಳಿಗೆಲ್ಲ ಸಿಲಿಕಾನಿನ ದಪ್ಪ ಒಡ್ಡು ಹಾಕಿದೆ. ಮೇಲಂಚು ಮಾತ್ರ ಬರಿದಾಗಿ ಆಕಾಶ ನೋಡುತ್ತಿತ್ತು. "ಮೇಲಕ್ಕೇನೂ ಬೇಡ್ವಾ?" ಎಂದು ಜಯಮ್ಮ ಕೇಳಿದ್ದು ನಿಜ. "ನೀರು ಒತ್ತೋದು ಬುಡಾನ ಕಣೇ" ಎಂದು ನಾನು ಇಲಾಖೆಯ ಧ್ವನಿಯಲ್ಲಿ ಹೇಳಿದ್ದೂ ನಿಜ. ಆ ಧ್ವನಿಗೆ ರೈತರು ಸುಮ್ಮನಾಗುತ್ತಿದ್ದರು. ಅವಳೂ ಅಂದು ಸುಮ್ಮನಾದಳು.

ಲಗೇಜ್ ಆಟೋದಲ್ಲಿ ಹುಲ್ಲು ಹರಡಿ, ಅದರ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ತೊಟ್ಟಿ, ಪಕ್ಕದಲ್ಲಿ ನಾನು. ಹೀಗೆ ದಿಬ್ಬಣ ಹೊರಟಿತು. ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಹಿರಿಯರೊಬ್ಬರು ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, ಗಾಜಿನ ಪೆಟ್ಟಿಗೆಯನ್ನೂ ನನ್ನ ಗಂಭೀರ ಮುಖವನ್ನೂ ನೋಡಿ, "ಯಾರ್ ಸಾ ಓಗ್ಬುಟ್ಟಿದ್ದು?" ಎಂದು ಮೆಲ್ಲಗೆ ಕೇಳಿದರು. ಹೆಣ ಇಡುವ ಐಸ್ ಪೆಟ್ಟಿಗೆ ಎಂದುಕೊಂಡಿದ್ದರು. "ಯಾರೂ ಹೋಗಿಲ್ಲ, ಇದು ಮೀನಿಗೆ" ಎಂದೆ. "ಮೀನ್ಗೂ ಐಸ್ ಪೆಟ್ಗೆಯಾ!" ಎಂದು ಅವರು ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಕಾಲ ಕೆಟ್ಟಿತೆಂದು ಗೊಣಗುತ್ತಾ ಹೋದರು.

ತೊಟ್ಟಿ ಅಜ್ಜಿಯ ಮಂಚದ ಪಕ್ಕದಲ್ಲಿ ಮೇಜಿನ ಮೇಲೆ ಕುಳಿತಿತು, ನೀರು ತುಂಬಿತು, ಮೀನು ಓಡಾಡಿದವು. ಅಜ್ಜಿ ಗೋಡೆಯ ಕಡೆಯಿಂದ ಮಗ್ಗುಲು ಬದಲಿಸಿ ಮಲಗಿದರು. ನಾನು ನಂಜನಗೂಡಿಗೆ ಹಿಂತಿರುಗುವಾಗ, ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವನಿಗೆ ಗಾಜಿನ ಕೆಲಸದ ರಹಸ್ಯಗಳನ್ನು ವಿವರಿಸುತ್ತಾ ಬಂದೆ. ಅವನು ಇಳಿಯಬೇಕಾದ ಊರಿಗಿಂತ ಮೊದಲೇ ಇಳಿದ ಎಂದು ನನಗೆ ಅನುಮಾನ.

ಆಮೇಲೆ ಫೋನು ಮಾಡಿದಾಗಲೆಲ್ಲ ಕೆಂಪರಾಜು ಅವರದು ಒಂದೇ ಮಾತು: "ಭೇಷಾಗಿದೆ ಬೀಗ್ರೇ. ಅವ್ವ ಮೀನಿಗೆಲ್ಲಾ ಹೆಸರಿಟ್ಟವ್ರೆ." ಬಂದು ನೋಡುತ್ತೇನೆ ಎಂದರೆ ಮಾತ್ರ, "ನೀವ್ಯಾಕೆ ತೊಂದ್ರೆ ತಗೋತೀರಿ? ನಾವೇ ಬರ್ತೀವಿ ಬಿಡಿ" ಎನ್ನುತ್ತಿದ್ದರು. ಎಂಥ ಸೌಜನ್ಯ ಎಂದುಕೊಂಡೆ. ಅದು ಸೌಜನ್ಯವೇ ಆಗಿತ್ತು, ಆದರೆ ನಾನು ತಿಳಿದ ಜಾತಿಯದಲ್ಲ.

ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ಅವರ ಬಾಗಿಲಲ್ಲಿ ನಿಂತೆ. ಕೆಂಪರಾಜು ಅವರು ನನ್ನನ್ನು ಕಂಡವರೇ, "ಓಹೋ ಬೀಗ್ರು! ಬನ್ನಿ, ಬನ್ನಿ... ಮೊದ್ಲು ಕೈಕಾಲು ತೊಳ್ಕೊಳಿ, ನಲ್ಲಿ ಆ ಕಡೆ" ಎಂದು ನನ್ನನ್ನು ಮನೆಯ ಪಕ್ಕಕ್ಕೆ ಕಳಿಸಿ ಒಳಗೆ ಓಡಿದರು. ನಾನು ಕಾಲು ತೊಳೆದು ಒಳಗೆ ಬಂದು ನೋಡುತ್ತೇನೆ, ನನ್ನ ತೊಟ್ಟಿಗೆ ಶಾಲು ಹೊದಿಸಿದೆ! ಅದೂ ಎಂಥದು? ಜರಿಯಂಚಿನ ಸನ್ಮಾನದ ಶಾಲು. ಹೆಡ್‌ಮಾಸ್ಟರಾಗಿದ್ದವರಿಗೆ ಬೀಳ್ಕೊಡುಗೆಯಿಂದ ಹಿಡಿದು ಹಳೆಯ ವಿದ್ಯಾರ್ಥಿಗಳ ಸಂಘದವರೆಗೆ ಎಲ್ಲರೂ ಹೊದಿಸಿ ಹೊದಿಸಿ ಬೀರು ತುಂಬಿಸಿದ ಶಾಲುಗಳಲ್ಲಿ ಅತ್ಯಂತ ಒಳ್ಳೆಯದು. ತೊಟ್ಟಿಯ ಮೇಲರ್ಧವನ್ನು ಸುತ್ತುವರಿದು, ಜರಿ ಮುಂದೆ ಕಾಣುವಂತೆ ಇಳಿಬಿದ್ದಿತ್ತು. ಕೆಳಗಿನ ಅರ್ಧದಲ್ಲಿ ಮೀನುಗಳು ಕಾಣುತ್ತಿದ್ದವು.

ಇಷ್ಟು ವರ್ಷ ಏರಿ ಕಾದದ್ದಕ್ಕೆ ಇಲಾಖೆ ಒಂದು ಗೋಡೆ ಗಡಿಯಾರ ಕೊಟ್ಟಿತ್ತು, ಶಾಲು ಹೊದಿಸಿರಲಿಲ್ಲ. ನಿಂತಲ್ಲೇ ಭಾಷಣಕ್ಕೆ ಶುರುಮಾಡಿದೆ. "ಬೀಗ್ರೇ, ಲೋಕ ಮನುಷ್ಯರಿಗೆ ಸನ್ಮಾನ ಮಾಡ್ತದೆ. ನೀವು ಒಂದು ಕೈಕೆಲಸಕ್ಕೆ ಸನ್ಮಾನ ಮಾಡಿದ್ದೀರಿ. ಇದು ನನಗಲ್ಲ, ಶ್ರಮಕ್ಕೆ ಸಂದ ಗೌರವ..." ಕೆಂಪರಾಜು ಅವರು ತಲೆ ತಗ್ಗಿಸಿ ನಿಂತಿದ್ದರು. ವಿನಯ ಎಂದುಕೊಂಡು ನಾನು ಇನ್ನೂ ಎತ್ತರಿಸಿದೆ. ಆಗ ಮಂಚದಿಂದ ಅಜ್ಜಿಯ ದನಿ ಬಂತು.

"ಮೊಗಾ ಸೋಬಾ, ಚಳಿ ಕನವ್ವ. ಆ ಸಾಲು ಇತ್ತಗೆ ಕೊಡು."

"ಅವ್ವಾ, ಒಳಗೆ ಕಂಬಳಿ ಇದೆ, ನಾನೇ ತಂದ್ಕೊಡ್ತೀನಿ" ಎಂದರು ಕೆಂಪರಾಜು, ಬಹಳ ಆತುರದಿಂದ.

"ಕಂಬ್ಳಿ ಚುಚ್ತದೆ. ಮೀನ್ಗ್ಯಾಕ್ಲಾ ಸಾಲು? ನೀರೊಳ್ಗೇ ಉಟ್ಟಿ ನೀರೊಳ್ಗೇ ಬೆಳ್ದವ್ಕೆ ಚಳಿಯಾ?" ಎಂದವರೇ ಅಜ್ಜಿ ಊರುಗೋಲಿನ ಕೊಕ್ಕೆಯಿಂದ ಶಾಲನ್ನು ಎಳೆದುಕೊಂಡರು. ಸೊಂಟ ನೋವಿದ್ದವರ ತೋಳಿನಲ್ಲಿ ಅಷ್ಟು ಶಕ್ತಿ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಶಾಲಿನ ಕೆಳಗೆ ಸ್ಕೂಟರಿನ ಹಳೆಯ ಟ್ಯೂಬು ಇತ್ತು. ಉದ್ದಕ್ಕೆ ಸೀಳಿದ್ದ ಅದನ್ನು ತೊಟ್ಟಿಯ ಸುತ್ತ ಬಿಗಿದು ಗಂಟು ಹಾಕಿತ್ತು. ನೀರು ಅರ್ಧಕ್ಕೆ ಇಳಿದಿತ್ತು. ಆದರೂ ಉದ್ದದ ಎರಡೂ ಗಾಜುಗಳು ಮೇಲಂಚಿನ ಮಧ್ಯದಲ್ಲಿ, ಹಬ್ಬದೂಟ ಮಾಡಿ ಎದ್ದವನಂತೆ, ಸಣ್ಣಗೆ ಹೊರಕ್ಕೆ ಬಾಗಿಕೊಂಡೇ ಇದ್ದವು.

"ನೋಡಿ ಬೀಗ್ರೇ, ನಿಮ್ ಗಾಜು ಒಟ್ಟೆ ಬುಟ್ಟದೆ" ಎಂದರು ಅಜ್ಜಿ, ಶಾಲನ್ನು ಹೊದ್ದುಕೊಳ್ಳುತ್ತಾ. "ನಮ್ಮುಡ್ಗ ಅದ್ಕೆ ಡಾಬು ಕಟ್ಟವ್ನೆ."

ನಮ್ಮುಡ್ಗ ಎಂದರೆ ನಿವೃತ್ತ ಹೆಡ್‌ಮಾಸ್ಟರು. ಆ ಹುಡುಗ, "ಅದೂ... ಟ್ಯೂಬು ಬಿಸಿಲಲ್ಲಿಟ್ರೆ ಒಣಗಿ ಹೋಗ್ತದೆ ಅಂತ, ಸ್ವಲ್ಪ ತಂಪಿರಲಿ ಅಂತ ಇಲ್ಲಿ ಇಟ್ಟಿದ್ದೆ ಬೀಗ್ರೇ" ಎಂದರು. ಆಯುಷ್ಯವಿಡೀ ಮಕ್ಕಳ ನೆಪಗಳನ್ನು ಕೇಳಿದ ಮನುಷ್ಯ. ತಾವೇ ಹೇಳಿ ಅಭ್ಯಾಸವಿರಲಿಲ್ಲ.

ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಶೋಭಾ ಲೋಟ ಕೊಟ್ಟು, ಬಾಗಿಲ ಕಡೆ ನೋಡಿ, ಮೆಲ್ಲಗೆ ಹೇಳಿದಳು. "ಬೇಜಾರ್ ಮಾಡ್ಕೋಬೇಡಪ್ಪ. ನೀರು ತುಂಬಿಸಿದ ಸ್ವಲ್ಪ ದಿನಕ್ಕೇ ಗಾಜು ಉಬ್ಬಿತು. ಮಾವ ಅರ್ಧ ನೀರು ತೆಗೆದ್ರು, ಆದ್ರೂ ಧೈರ್ಯ ಸಾಲ್ದೆ ಟ್ಯೂಬ್ ಕಟ್ಟಿದ್ರು. 'ನಿಮ್ಮಪ್ಪನಿಗೆ ಹೇಳ್ಬೇಡ ಮಗಳೇ, ಎಷ್ಟು ಆಸೆಯಿಂದ ಮಾಡ್ಕೊಂಡು ಬಂದಿದ್ದಾರೆ' ಅಂದ್ರು. ತೊಟ್ಟಿನೇ ತೆಗೆದಿಡೋಣ ಅಂದ್ರೆ ಅಜ್ಜಿ ಊಟ ಬಿಟ್ಟು ಕೂತ್ಕೊಂಡ್ಬಿಟ್ರು. ಅದಕ್ಕೆ ಮಾವ ತಮ್ಮ ಮಂಚ ತಂದು, ಅಜ್ಜಿ ಮಂಚಕ್ಕೂ ತೊಟ್ಟಿಗೂ ಮಧ್ಯೆ ಹಾಕ್ಕೊಂಡು ಮಲಗ್ತಾರೆ. ಒಡೆದ್ರೆ ಮೊದಲು ತಮ್ಮ ಮೇಲೆ ಬೀಳಲಿ ಅಂತ."

ನಡುಮನೆಯಲ್ಲಿ ಎರಡು ಮಂಚ ಇದ್ದದ್ದನ್ನು ನಾನು ನೋಡಿಯೂ ನೋಡಿರಲಿಲ್ಲ. ನನ್ನ ಕಣ್ಣು ಶಾಲಿನ ಮೇಲಿತ್ತು. ಆ ಗಾಜು ಒಡೆದಿದ್ದರೆ ಅಜ್ಜಿಯ ಗತಿಯೇನು ಎಂಬುದು ಮೊದಲು ತಲೆಗೆ ಬಂತು. ಆಮೇಲೆ, ನನ್ನ ಮಗಳು ಆ ಬೀದಿಯಲ್ಲಿ ಬದುಕಿರುವವರೆಗೂ 'ಆ ಗಾಜಿನೋರ ಮಗಳು' ಆಗುತ್ತಿದ್ದಳಲ್ಲ ಎನ್ನಿಸಿತು. ಒಂದು ಮಾತು ಫೋನಿನಲ್ಲಿ 'ಏನ್ರೀ ಇದು ನಿಮ್ಮ ಕೆಲಸ?' ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಗಂಡಿನ ತಂದೆಗೆ ಆ ಹಕ್ಕೂ ಇತ್ತು. ಆ ಮಾತನ್ನು ಆಡುವುದಕ್ಕಿಂತ ತಾನೇ ಒದ್ದೆಯಾಗುವುದು ಮೇಲೆಂದು ಆ ಮನುಷ್ಯ ಮಂಚ ಎಳೆದುಕೊಂಡು ಬಂದಿದ್ದರು. ನಾನು ಲೋಟದ ನೀರನ್ನು ಪೂರ್ತಿ ಕುಡಿದೆ. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದೆ. ಮಗಳ ಎದುರು ಅಳುವುದಕ್ಕಿಂತ ಅದು ಸುಲಭ.

ಹೊರಡುವ ಮೊದಲು ತೊಟ್ಟಿಯ ನೀರನ್ನು ನಾಲ್ಕು ಬೆರಳಿನಷ್ಟಕ್ಕೆ ಇಳಿಸಿದೆ. ಮನೆಗೆ ಬಂದು ಜಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ಹೋಗಿ ಅಟ್ಟದಿಂದ ಬಿದಿರಿನ ಬುಟ್ಟಿಯೊಂದನ್ನು ತಂದು ನನ್ನ ಮುಂದೆ ಕುಕ್ಕಿದಳು. "ಬುಟ್ಟಿ ಹೆಣೆಯೋರು ಬಾಯಿಗೆ ಯಾಕೆ ದಪ್ಪ ಬಿದಿರು ಸುತ್ತಿ ಬಿಗೀತಾರೆ? ಅಂದಕ್ಕಾ? ಬಾಯಿಕಟ್ಟು ಬಿಚ್ಚಿದ ಬುಟ್ಟಿಗೆ ಭತ್ತ ತುಂಬಿ ನೋಡಿ, ಎಲ್ಲಿ ಅಗಲ ಆಗ್ತದೆ ಅಂತ. ಅವತ್ತೇ ಕೇಳ್ದೆ, ಮೇಲಕ್ಕೇನೂ ಬೇಡ್ವಾ ಅಂತ. ಬುಡವಂತೆ ಬುಡ!" ಇಲಾಖೆಯ ಧ್ವನಿ ಹುಡುಕಿದೆ. ಸಿಗಲಿಲ್ಲ. ಏರಿಗೆ ಮಣ್ಣಿನ ತೂಕವೇ ಆಸರೆ. ತೆಳ್ಳಗಿನ ಗಾಜಿಗೆ ತಳದಲ್ಲಿ ಅಂಟು ಹಿಡಿದುಕೊಂಡಿರುತ್ತದೆ, ಅಕ್ಕಪಕ್ಕದಲ್ಲಿ ಗಿಡ್ಡ ಗಾಜುಗಳು ಹಿಡಿದುಕೊಂಡಿರುತ್ತವೆ, ಮೇಲಂಚಿನ ಮಧ್ಯವನ್ನು ಮಾತ್ರ ಯಾರೂ ಹಿಡಿದುಕೊಂಡಿರುವುದಿಲ್ಲ. ಪಾಪ, ಅದು ಬಾಗದೆ ಏನು ಮಾಡೀತು?

ಮಾರನೆಯ ದಿನವೇ ಎರಡು ಬೆರಳಗಲದ ಗಾಜಿನ ಪಟ್ಟಿಗಳನ್ನು ಕತ್ತರಿಸಿಕೊಂಡು, ಅಂಚು ತಿಕ್ಕಿಸಿ, ಸೀರೆಯಲ್ಲಿ ಸುತ್ತಿ ತಿ. ನರಸೀಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿದೆ. ಬಾಗಿಲಲ್ಲಿ ಅವರ ಮುಖ ಕಂಡಾಗ ಬಾಯಿಂದ ಬಂದದ್ದು ಬೇರೆ. "ಬೀಗ್ರೇ, ಕಾಮಗಾರಿಯ ಎರಡನೇ ಹಂತ ಬಾಕಿ ಇತ್ತು."

"ಹೌದೌದು, ನಾನೂ ಹಾಗೇ ಅಂದ್ಕೊಂಡೆ" ಎಂದರು ಅವರು ತಕ್ಷಣ. "ದೊಡ್ಡ ಕೆಲಸ ಅಂದ್ರೆ ಹಂತ ಹಂತವಾಗೇ ಆಗ್ಬೇಕು."

"ಎಲ್ಡ್ನೇ ಅಂತ ಮೊದ್ಲೇ ಮಾಡಿದ್ರೆ ನಮ್ಮುಡ್ಗ ಒಳ್ಗೆ ಮನಿಕತಿದ್ದ" ಎಂದರು ಅಜ್ಜಿ.

ಮೀನುಗಳು ಅಜ್ಜಿಯ ಕಣ್ಣಳತೆಯಲ್ಲೇ ಅಗಲದ ಪಾತ್ರೆಯೊಂದಕ್ಕೆ ವರ್ಗವಾದವು. ನೀರೆಲ್ಲ ತೆಗೆದ ಮೇಲೆ ಗಾಜು, ಏಕಾದಶಿ ಮಾಡಿದವನ ಹೊಟ್ಟೆಯಂತೆ, ತಾನೇ ನೆಟ್ಟಗಾಯಿತು. ಅಂಚನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ, ಉದ್ದದ ಗಾಜುಗಳ ಮೇಲಂಚಿನ ಒಳಗಡೆಗೆ ಒಂದೊಂದು ಪಟ್ಟಿಯನ್ನು ಅಂಚಿನುದ್ದಕ್ಕೂ ಮಲಗಿಸಿ ಅಂಟಿಸಿದೆ. ಬೀಳದಂತೆ ಕೆಳಗೆ ಬಿದಿರು ಕಡ್ಡಿಯ ಆಸರೆ, ಮೇಲೆ ಟೇಪು. ಕೆಂಪರಾಜು ಅವರು ಟೇಪು ಹರಿದು ಹರಿದು ಕೊಡುತ್ತಿದ್ದರು. ಇನ್ನುಳಿದದ್ದು ಎರಡೂ ಪಟ್ಟಿಗಳಿಗೆ ನಡುಮಧ್ಯೆ ಸೇತುವೆಯಂತೆ ಕೂರುವ ಅಡ್ಡಪಟ್ಟಿ. ಮುಂದಿನ ಗಾಜನ್ನೂ ಹಿಂದಿನ ಗಾಜನ್ನೂ ದೂರವಾಗದಂತೆ ಹಿಡಿದುಕೊಳ್ಳುವುದು ಅದೇ.

"ಬೀಗ್ರೇ, ತಪ್ಪು ತಿಳ್ಕೋಬೇಡಿ" ಎಂದರು ಅವರು, ಕೈ ಒರೆಸಿಕೊಳ್ಳುತ್ತಾ. "ಈ ಒಂದು ಪಟ್ಟಿ ನನ್ನ ಕೈಲಿ ಅಂಟಿಸೋಕೆ ಬಿಡ್ತೀರಾ? ನಮ್ಮನೇಲಿರೋ ತೊಟ್ಟಿ, ನಂದೂ ಒಂದು ಕೈ ಇರಲಿ ಅಂತ."

ಅಂಟು ಹಿಂಡಿಕೊಟ್ಟೆ. ಅವರು ಉಸಿರು ಬಿಗಿಹಿಡಿದು, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪಟ್ಟಿಯನ್ನು ಇಳಿಸಿ ಒತ್ತಿದರು. ಒಂದು ತುದಿ ಮಧ್ಯಕ್ಕೆ ಕೂತಿತು. ಇನ್ನೊಂದು ತುದಿ ಹೆಬ್ಬೆರಳಗಲ ಎಡಕ್ಕೆ ಹೋಯಿತು. ನಾಲೆಯ ಕಲ್ಲುಕಟ್ಟಡದಲ್ಲಿ ಒಂದಂಗುಲ ಸೊಟ್ಟಗಿದ್ದರೂ ಗುತ್ತಿಗೆದಾರನನ್ನು ನಿಲ್ಲಿಸಿ ಕಿತ್ತುಹಾಕಿಸಿದ ಕಣ್ಣು ನನ್ನದು. ಅಂಟು ಇನ್ನೂ ಹಸಿಯಿತ್ತು. ಒಂದು ಬೆರಳು ತಾಗಿಸಿದರೆ ಸರಿಹೋಗುತ್ತಿತ್ತು. 'ಬಲಕ್ಕೆ ಸ್ವಲ್ಪ' ಎಂಬ ಮಾತು ತುಟಿಯವರೆಗೆ ಬಂತು. ಆಗ ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ಹೇಗಿದೆ ಬೀಗ್ರೇ?"

"ಗೆರೆ ಎಳೆದ ಹಾಗೆ ಕೂತಿದೆ" ಎಂದೆ.

"ನಿಜವಾಗ್ಲೂ?"

"ನಾನು ಇಂಥದ್ದರಲ್ಲಿ ದಾಕ್ಷಿಣ್ಯ ಮಾಡೋನಲ್ಲ ಬೀಗ್ರೇ."

ಬಾಗಿಲಲ್ಲಿ ನಿಂತಿದ್ದ ಶೋಭಾ ಇದ್ದಕ್ಕಿದ್ದಂತೆ ಒಳಗೇನೋ ಕೆಲಸ ನೆನಪಾಗಿ ಹೋದಳು.

ಸಿಲಿಕಾನು ಗಟ್ಟಿಯಾಗುವವರೆಗೆ ನೀರು ತುಂಬುವಂತಿಲ್ಲ. ಹೆಣ್ಣು ಕೊಟ್ಟವನು ಬೀಗರ ಮನೆಯಲ್ಲಿ ದಿನಗಟ್ಟಲೆ ಕೂರಬಾರದು ಎಂಬುದು ನಮ್ಮ ಕಡೆಯ ಕ್ರಮ; ಆದರೆ ಕೆಂಪರಾಜು ಅವರು "ಕೆಲಸ ಅರ್ಧಕ್ಕೆ ಬಿಟ್ಟು ಹೋಗ್ತಾರಾ?" ಎಂದು ನನ್ನ ಚೀಲವನ್ನೇ ತೆಗೆದಿಟ್ಟರು. ಅಷ್ಟು ದಿನವೂ ಮನೆಯೆಲ್ಲ ಹುಳಿ ವಾಸನೆ. "ಏಳು ದಿನದ್ ಮೊಸ್ರು ಕುಡ್ದಂಗದೆ ಕನ್ರಪ್ಪ ನಿಮ್ ಅಂಟು" ಎಂದು ಅಜ್ಜಿ ಮೂಗು ಮುಚ್ಚಿಕೊಂಡೇ ಮಾತಾಡಿದರು. ನಾನು ಸೊಪ್ಪಿನ ಸಾರು, ಅವರೆಕಾಳು, ಮಗಳು ಬಡಿಸಿದ ಬಿಸಿ ಮುದ್ದೆ ಉಂಡುಕೊಂಡು, ಬೀಗರೊಂದಿಗೆ ಜಗಲಿಯಲ್ಲಿ ಕುಳಿತು, ಆಗಾಗ ಒಳಗೆ ಹೋಗಿ ಅಂಟನ್ನು ಮುಟ್ಟಿ ನೋಡಿ "ಇನ್ನೂ ಸ್ವಲ್ಪ" ಎಂದು ಹೇಳುತ್ತಾ ಇದ್ದೆ. ಅಂಟು ಅದಕ್ಕೂ ಮೊದಲೇ ಗಟ್ಟಿಯಾಗಿತ್ತು ಎಂದು ಹೇಳುವವರಿದ್ದಾರೆ. ಅವರ ಹೆಸರು ಜಯಮ್ಮ.

ಕಡೆಗೊಂದು ಬೆಳಿಗ್ಗೆ ನೀರು ತುಂಬಿಸಿದೆವು. ಅರ್ಧ ತುಂಬಿದಾಗ ಇಬ್ಬರೂ ನಿಲ್ಲಿಸಿ ಗಾಜಿನ ಅಂಚಿಗೆ ಕಣ್ಣಿಟ್ಟು ನೋಡಿದೆವು, ಬಾಗಿರಲಿಲ್ಲ. ಪೂರ್ತಿ ತುಂಬಿಸಿದೆವು. ಮಧ್ಯಾಹ್ನದವರೆಗೂ ಯಾರೂ ಆ ಕೋಣೆ ಬಿಟ್ಟು ಹೋಗಲಿಲ್ಲ, ಯಾಕೆ ಹೋಗುತ್ತಿಲ್ಲ ಎಂದು ಯಾರೂ ಹೇಳಲೂ ಇಲ್ಲ. ಊಟವಾದ ಮೇಲೆ ಕೆಂಪರಾಜು ಅವರು ತಮ್ಮ ಮಂಚದ ಒಂದು ತುದಿ ಹಿಡಿದರು. ಕೇಳದೆಯೇ ನಾನು ಇನ್ನೊಂದು ತುದಿ ಹಿಡಿದೆ. ಮಂಚ ಒಳಕೋಣೆಗೆ ಹೋಯಿತು.

ಇದೆಲ್ಲ ಆಗಿ ಒಂದು ಮಳೆಗಾಲ ಕಳೆದಿದೆ. ಅಡ್ಡಪಟ್ಟಿ ಸೊಟ್ಟಗಿದೆ. ನೀರು ನಿಂತಿದೆ.